ಹಲಗೆ ಸುಡಬೇಡಿ, ಬಿಟ್ಟಿ ಚಾಕರಿ ಸುಡಿ

ನಮ್ಮ ಹಾಸ್ಟೆಲುಗಳಲ್ಲಿ ಈಗ ಎರಡು ಮಾತು ಓಡಾಡುತ್ತಿವೆ. ಒಂದು ನಮ್ಮವರೇ ಆಡುವ ಮಾತು: "ಹಲಗೆ ಅನ್ನೋದು ಗುಲಾಮಗಿರಿ ಗುರುತು. ಓದಿದ ಹುಡುಗರು ಅದನ್ನ ಮುಟ್ಟಬಾರದು. ಬೆಂಕಿಗೆ ಹಾಕ್ರಿ." ಇನ್ನೊಂದು ಕಾಲೇಜಿನ ವೇದಿಕೆಯಿಂದ ಇಳಿದು ಬಂದ ಮಾತು: "ಇದು ವಾದ್ಯವೇ ಅಲ್ಲ." ಮೊದಲನೆಯದರ ಹಿಂದೆ ಸಿಟ್ಟಿದೆ, ಆ ಸಿಟ್ಟು ನ್ಯಾಯದ್ದು. ಎರಡನೆಯದರ ಹಿಂದೆ ಸೊಕ್ಕಿದೆ. ಸಿಟ್ಟಾದ ಅಣ್ಣನ ಜೊತೆ ಕೂತು ಮಾತಾಡುತ್ತೇವೆ. ಸೊಕ್ಕಿನವರಿಗೆ ನಿಂತೇ ಉತ್ತರ ಕೊಡುತ್ತೇವೆ.

ನಡೆದದ್ದು ಇಷ್ಟು. ಹರಿಹರದ ಮಗ್ಗುಲಲ್ಲಿರುವ ಗುತ್ತೂರಿನ ನಾವು ಕೆಲವರು ಒಂದು ಹಳೇ ಎಣ್ಣೆ ಡಬ್ಬಿ, ಒಂದು ಮರದ ಪಟ್ಟಿ, ಗ್ಯಾರೇಜಿನಲ್ಲಿ ಬಿಸಾಕಿದ್ದ ಕ್ಲಚ್ ವೈರಿನ ಒಂದೆಳೆ ಸೇರಿಸಿ ಒಂದು ತಂತಿಯ ವಾದ್ಯ ಮಾಡಿದೆವು. ಔಷಧಿ ಬಾಟಲಿಯನ್ನು ತಂತಿಯ ಮೇಲೆ ಜಾರಿಸಿ, ಅಮೆರಿಕದ ಕಪ್ಪು ಜನರ ಹಳೇ ಬ್ಲೂಸ್ ಹಾಡುಗಳನ್ನು ಮೊಬೈಲಿನಲ್ಲಿ ಕೇಳುತ್ತ ಕೇಳುತ್ತ ನುಡಿಸಲು ಕಲಿತೆವು. ಪಕ್ಕದಲ್ಲಿ ಹಲಗೆ. ಅದನ್ನು ಹೊತ್ತುಕೊಂಡು ಒಂದು ಕಾಲೇಜಿನ ಯುವಜನೋತ್ಸವಕ್ಕೆ ಹೋದೆವು. ಹೆಸರು ಬರೆದುಕೊಳ್ಳುವವರು ಕೇಳಿದರು: "ಇದು ಪಾಶ್ಚಾತ್ಯವೋ, ಜಾನಪದವೋ?" "ಎರಡೂ ಹೌದು ಸಾರ್" ಅಂದೆವು. "ಪಟ್ಟಿಯಲ್ಲಿಲ್ಲ. ಇದು ಡಬ್ಬಿ. ವಾದ್ಯ ತಗೊಂಡು ಬನ್ನಿ." ಹಲಗೆ ಹಿಡಿದಿದ್ದ ತಮ್ಮನಿಗೆ ಮಾತ್ರ, "ನೀನು ಇರಪ್ಪ, ಅತಿಥಿಗಳು ಬರೋವಾಗ ಗೇಟಿನ ಹತ್ರ ನಿಂತು ಬಾರಿಸು" ಅಂದರು.

ಪಟ್ಟಿಯಲ್ಲಿ ನಮ್ಮ ಜಾಗ ಎಲ್ಲಿದೆ ಅಂತ ತಿಳೀತಲ್ಲ? ಗೇಟಿನ ಹತ್ರ!

ವಾದ್ಯವೇ ಅಲ್ಲ ಅಂದವರಿಗೆ

ಬ್ಲೂಸ್ ಅಂದರೇನು ಅಂತ ಕೇಳುವ ತಮ್ಮಂದಿರಿಗೆ ಇಷ್ಟು ಹೇಳಬೇಕು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕಾಯ್ದೆಯ ಪ್ರಕಾರ ಸತ್ತಿತು. ಆದರೆ ದಕ್ಷಿಣದ ಹತ್ತಿ ಹೊಲಗಳಲ್ಲಿ ಕಪ್ಪು ಜನ ದಣಿಗಳ ನೆಲವನ್ನೇ ಪಾಲಿಗೆ ಉತ್ತರು. ವರ್ಷದ ಕೊನೆಗೆ ಲೆಕ್ಕ ಬರೆಯುವವನು ದಣಿ, ಸಾಲ ಉಳಿಯುವುದು ಉತ್ತವನ ಮೇಲೆ. ಈ ಲೆಕ್ಕ ನಮಗೆ ಹೊಸದೇನು? ಆ ಹೊಲಗಳಲ್ಲಿ, ರೈಲು ಹಳಿ ಹಾಕುವ ಕಡೆ, ಜೈಲಿನ ಕೂಲಿಯಲ್ಲಿ ಹುಟ್ಟಿದ ಹಾಡು ಬ್ಲೂಸ್. ಅದರ ಕಟ್ಟು ಸರಳ. ಒಂದು ಸಾಲು ಹಾಡುತ್ತಾರೆ, ಅದನ್ನೇ ಮತ್ತೊಮ್ಮೆ ಹಾಡುತ್ತಾರೆ, ಮೂರನೆ ಸಾಲಿನಲ್ಲಿ ಅದಕ್ಕೆ ಉತ್ತರ ಬೀಳುತ್ತದೆ. ಮುಮ್ಮೇಳದವ ಸೊಲ್ಲು ಎತ್ತಿ, ಹಿಮ್ಮೇಳ ಅದನ್ನೇ ಹಿಡಿದು, ಆಮೇಲೆ ಕತೆ ಮುಂದೆ ಹೋಗುವುದನ್ನು ಕೇಳಿ ಬೆಳೆದ ನಮಗೆ ಇದನ್ನು ಪಾಠ ಹೇಳಿಕೊಡಬೇಕಾಗಿಲ್ಲ.

ಅವರಿಗೆ ಅಂಗಡಿಯಿಂದ ಗಿಟಾರು ಕೊಳ್ಳಲು ಎಲ್ಲಿಂದ ಬರಬೇಕು ಕಾಸು? ಕಸಬರಿಗೆ ಕಟ್ಟಿದ ತಂತಿ ಬಿಚ್ಚಿದರು. ಗುಡಿಸಲ ಗೋಡೆಗೆ ಎರಡು ಮೊಳೆ ಹೊಡೆದು ಬಿಗಿದರು. ತಂತಿಯ ಕೆಳಗೆ ಬಾಟಲಿಯನ್ನೋ ಕಲ್ಲನ್ನೋ ಸಿಕ್ಕಿಸಿ ಎತ್ತರ ಮಾಡಿದರು. ಒಂದು ಕೈಯಲ್ಲಿ ಮೀಟಿ, ಇನ್ನೊಂದು ಕೈಯಲ್ಲಿ ಗಾಜಿನ ಚೂರು ಜಾರಿಸಿದರು. ಗುಡಿಸಲೇ ಬುರುಡೆ, ಗೋಡೆಯೇ ದಂಡಿ! ಇದನ್ನು ಡಿಡ್ಲಿ ಬೋ ಅನ್ನುತ್ತಾರೆ. ಆಫ್ರಿಕಾದ ಒಂಟಿ ತಂತಿಯ ವಾದ್ಯಗಳ ನೆನಪು ಹಡಗಿನ ತಳದಲ್ಲಿ ಸರಪಳಿ ಕಟ್ಟಿಸಿಕೊಂಡು ಬಂದವರ ಜೊತೆ ಬಂದದ್ದು. ಮಿಸಿಸಿಪ್ಪಿಯ ಎಷ್ಟೋ ಹುಡುಗರ ಮೊದಲ ಪಾಠಶಾಲೆ ಈ ಗೋಡೆ.

ಬಿಗ್ ಬಿಲ್ ಬ್ರೂಂಜಿ ಎಂಬ ದೊಡ್ಡ ಹಾಡುಗಾರ ಹುಡುಗನಾಗಿದ್ದಾಗ ಚುಟ್ಟಾ ಡಬ್ಬಿಯಿಂದ ಪಿಟೀಲು ಮಾಡಿಕೊಂಡ. ಫ್ರೆಡ್ ಮೆಕ್‌ಡೊವೆಲ್ ತಂತಿ ಮೇಲೆ ದನದ ಎಲುಬನ್ನೂ ಜಾರಿಸಿದ. ಹೌದು ಗೆಳೆಯರೆ, ದನದ ಎಲುಬು! ನಮ್ಮ ಕೇರಿಯ ಹಿತ್ತಲಲ್ಲಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅದೇ ಎಲುಬು. ಅದರಿಂದ ಹೊರಟ ನಾದಕ್ಕೆ ಮುಂದೆ ಇಡೀ ಲೋಕ ಕಿವಿ ಕೊಟ್ಟಿತು. ಬಟ್ಟೆ ಒಗೆಯುವ ತಗಡಿನ ಟಬ್ಬನ್ನು ಬೋರಲು ಹಾಕಿ, ನಡುವೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಕಸಬರಿಗೆ ಕೋಲಿಗೆ ಬಿಗಿದು ಮಂದ್ರದ ದನಿ ತೆಗೆದರು. ಬಟ್ಟೆ ಉಜ್ಜುವ ತಗಡನ್ನು ಗೀರಿ ತಾಳ ಹಾಕಿದರು. ಜಾಡಿಯ ಬಾಯಿಗೆ ಊದಿದರು. ಮೆಂಫಿಸ್ ಊರಿನ ಜಾಡಿ ಮೇಳ 1927ರಲ್ಲಿ ಗ್ರಾಮಫೋನ್ ತಟ್ಟೆಗೂ ಹಾಡಿತು.

ಈಗ ನಮ್ಮ ಚೌಡಿಕೆ ನೋಡಿ. ಟೊಳ್ಳು ಮರದ ಕೊಳಗ. ಒಂದು ಬಾಯಿಗೆ ಚರ್ಮ. ಚರ್ಮದ ನಡುವಿನಿಂದ ಹೊರಟ ನರದ ತಂತಿ ಪಕ್ಕದ ಮರದ ತೋಳಿಗೆ ಹೋಗಿ ಬಿಗಿಯುತ್ತದೆ. ಕಂಕುಳಲ್ಲಿ ಅವುಚಿಕೊಂಡು ಕಡ್ಡಿಯಲ್ಲಿ ಮೀಟುತ್ತಾರೆ. ತಂತಿ ಬಿಗಿಯಾದರೆ ದನಿ ಏರುತ್ತದೆ, ಸಡಿಲಾದರೆ ಇಳಿಯುತ್ತದೆ, ನಡುವೆ ಎಲ್ಲೂ ಮೆಟ್ಟಿಲಿಲ್ಲ. ತಗಡಿನ ಟಬ್ಬಿನ ಹಗ್ಗ ಎಳೆದಾಗಲೂ ಇದೇ ಆಗುವುದು. ಸವದತ್ತಿ ಗುಡ್ಡದ ಜೋಗತಿಯೂ ಮಿಸಿಸಿಪ್ಪಿಯ ಕೂಲಿಯವನೂ ಒಬ್ಬರನ್ನೊಬ್ಬರು ಕಂಡವರಲ್ಲ. ಕೈಯಲ್ಲಿ ಕಾಸಿಲ್ಲದಿದ್ದರೂ ಎದೆಯಲ್ಲಿ ಹಾಡು ಇದ್ದವರು ಇಬ್ಬರೂ. ಇಬ್ಬರ ಬುದ್ಧಿಯೂ ಒಂದೇ ಕಡೆ ಹೋಗಿ ನಿಂತಿತು. ಇದನ್ನು ವಿಜ್ಞಾನ ಅಂತ ಕರೆಯಲು ಯಾರ ಅಪ್ಪಣೆ ಬೇಕು?

ಹಲಗೆಯನ್ನೇ ತಗೊಳ್ಳಿ. ಚರ್ಮ ನೆನೆಹಾಕಬೇಕು, ಕೂದಲು ತೆಗೆಯಬೇಕು, ಹದ ನೋಡಿ ಬಳೆಗೆ ಎಳೆಯಬೇಕು, ಹುಣಸೆಬೀಜದ ಅಂಟು ಹಾಕಿ ಕೂರಿಸಬೇಕು, ನೆರಳಲ್ಲಿ ಒಣಗಿಸಬೇಕು. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಬೇಕು. ಹೆಚ್ಚು ಕಾದರೆ ಹರಿಯುತ್ತದೆ, ಕಡಿಮೆಯಾದರೆ ದಬದಬ ಅನ್ನುತ್ತದೆ. ಒಂದು ಕೈಯಲ್ಲಿ ದಪ್ಪ ಗುಣಿ, ಇನ್ನೊಂದರಲ್ಲಿ ತೆಳು ಬಿದಿರ ಸೀಳು. ಇಷ್ಟು ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡವನಿಗೆ "ಅವಿದ್ಯಾವಂತ" ಅಂತ ಹೆಸರು. ಅಂಗಡಿಯಿಂದ ಗಿಟಾರು ತಂದು ಅದರ ಚೀಲ ಬೆನ್ನಿಗೆ ಹಾಕಿಕೊಂಡು ತಿರುಗುವವನು "ಕಲಾವಿದ"!

ನಮ್ಮನ್ನು ಗೇಟಿಗೆ ಕಳಿಸಿದವರು ರಾಕ್ ಸಂಗೀತ ಬಲ್ಲವರಂತೆ. ಅವರ ಮಕ್ಕಳ ಅಂಗಿಯ ಮೇಲೆ ರೋಲಿಂಗ್ ಸ್ಟೋನ್ಸ್ ತಂಡದ ಚಿತ್ರವಿರುತ್ತದೆ. 1962ರಲ್ಲಿ ಲಂಡನ್ನಿನ ಆ ಬಿಳಿ ಹುಡುಗರು ಆ ಹೆಸರನ್ನು ಎಲ್ಲಿಂದ ತಂದರು? ಮಡ್ಡಿ ವಾಟರ್ಸ್ ಹಾಡಿದ ಒಂದು ಹಾಡಿನಿಂದ. ಈ ಮಡ್ಡಿ ವಾಟರ್ಸ್ ಯಾರು? ಮಿಸಿಸಿಪ್ಪಿಯ ಹತ್ತಿ ತೋಟದ ಕೂಲಿ. 1941ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬವನು ತೋಟಕ್ಕೇ ಹೋಗಿ ಅವನ ಹಾಡು ಮುದ್ರಿಸಿಕೊಂಡ. 1943ರಲ್ಲಿ ಅವನು ತೋಟ ಬಿಟ್ಟು ರೈಲು ಹತ್ತಿ ಶಿಕಾಗೋಗೆ ಹೋಗಿ ಕಾರ್ಖಾನೆ ಸೇರಿದ. ಹಳ್ಳಿಯ ದಣಿಯಿಂದ ತಪ್ಪಿಸಿಕೊಂಡು ದಾವಣಗೆರೆಯ ಹತ್ತಿ ಗಿರಣಿಗಳಿಗೆ, 1941ರಲ್ಲಿ ಶುರುವಾಗಿ ಈಗ ಬಾಗಿಲು ಮುಚ್ಚಿರುವ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಬಂದ ನಮ್ಮ ಅಜ್ಜಂದಿರ ಕತೆಯೂ ಇದೇ ಅಲ್ಲವೆ? ಶಿಕಾಗೋದ ಗದ್ದಲದಲ್ಲಿ ಕೇಳಿಸಬೇಕೆಂದು ಅವನು ಕರೆಂಟಿನ ಗಿಟಾರು ಹಿಡಿದ. ನೀವು ತಲೆದೂಗುವ ರಾಕ್ ಸಂಗೀತದ ಅಜ್ಜಿಯ ಮನೆ ಆ ಕಸಬರಿಗೆ ತಂತಿಯ ಗೋಡೆ ಸ್ವಾಮೀ! ಮೊಮ್ಮಗನಿಗೆ ಕುರ್ಚಿ ಹಾಕಿ ಅಜ್ಜಿಯನ್ನು ಗೇಟಿಗೆ ನೂಕಿದ್ದೀರಿ.

ಅಲ್ಲಿ ಕಸಿದರು, ಇಲ್ಲಿ ಕಟ್ಟಿದರು

ಈಗ ಸಿಟ್ಟಾದ ಅಣ್ಣಂದಿರ ಹತ್ತಿರ ಬರುತ್ತೇವೆ. ಅವರು ಹೇಳುವುದರಲ್ಲಿ ಸುಳ್ಳಿಲ್ಲ. ಊರಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಲಗೆ ಬಾರಿಸಬೇಕು. ಪಂಚಾಯ್ತಿ ಸೇರಿದರೆ ಡಂಗುರ ಸಾರಬೇಕು. ಜಾತ್ರೆಯಲ್ಲಿ ದೇವರ ಮುಂದೆ ಬಾರಿಸಬೇಕು, ಆ ದೇವರ ಗುಡಿಯೊಳಗೆ ಕಾಲಿಡಬಾರದು. ಕೂಲಿ? ಒಂದಿಷ್ಟು ಕಾಳು, ಮಿಕ್ಕ ಅನ್ನ, ಒಂದು ಗುಟುಕು ಸೆರೆ. ಒಲ್ಲೆ ಅಂದರೆ ಬಹಿಷ್ಕಾರ. ಕಿರಾಣಿ ಅಂಗಡಿ ಬಂದ್, ಕ್ಷೌರ ಬಂದ್, ಹೊಲದ ಕೂಲಿ ಬಂದ್. ಬಾರಿಸಿದವನ ಕೈ ಮುಟ್ಟಬಾರದು, ಬಾರಿಸಿದ ಸದ್ದು ಮಾತ್ರ ಬೇಕು! ಈ ಕೈಗಳನ್ನು ನೋಡಿ ಬೆಳೆದ ಅಣ್ಣ "ಸುಡು" ಅಂದರೆ ಅವನ ಮೇಲೆ ನಮಗೆ ಸಿಟ್ಟು ಬರುವುದಿಲ್ಲ.

ಆದರೆ ಅಣ್ಣಾ, ಒಂದು ಇತಿಹಾಸ ಕೇಳು. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದ ಸ್ಟೋನೋ ಎಂಬಲ್ಲಿ ಗುಲಾಮರು ದಂಗೆ ಎದ್ದರು. ಡೋಲು ಬಾರಿಸುತ್ತ ನಡೆದರು, ಆ ಸದ್ದಿಗೆ ಇನ್ನಷ್ಟು ಜನ ಬಂದು ಸೇರಿದರು. ದಂಗೆಯನ್ನು ರಕ್ತದಲ್ಲಿ ಅದ್ದಿದ ದಣಿಗಳು 1740ರಲ್ಲಿ ಕಾಯ್ದೆ ಮಾಡಿದರು. ಗುಲಾಮರು ಡೋಲು ಇಟ್ಟುಕೊಳ್ಳಬಾರದು, ಕೊಂಬು ಊದಬಾರದು. ಡೋಲಿಗೆ ಭಾಷೆ ಇದೆ ಎಂದು ಆ ದಣಿಗಳಿಗೆ ಗೊತ್ತಿತ್ತು. ಕಪ್ಪು ಜನ ಆಗ ಚಪ್ಪಾಳೆ ತಟ್ಟಿದರು, ನೆಲಕ್ಕೆ ಕಾಲು ಬಡಿದರು, ಮುಂದೆ ಗೋಡೆಗೆ ತಂತಿ ಬಿಗಿದರು.

ಅಲ್ಲಿ ಕೈಯಿಂದ ಕಸಿದರು. ಇಲ್ಲಿ ಕೈಗೆ ಕಟ್ಟಿದರು. ಎರಡು ಕಡೆಯೂ ಒಂದೇ ಪ್ರಶ್ನೆ: ಯಾವಾಗ ಬಾರಿಸಬೇಕು, ಯಾವಾಗ ಬಾರಿಸಬಾರದು ಅಂತ ಹೇಳುವವನು ಯಾರು? ಅಪ್ಪಣೆ ದಣಿಯದ್ದಾದರೆ ಬಾರಿಸುವುದೂ ಗುಲಾಮಗಿರಿ, ಸುಮ್ಮನಿರುವುದೂ ಗುಲಾಮಗಿರಿ. ಹಲಗೆಯನ್ನು ಸುಟ್ಟರೆ ಅಪ್ಪಣೆ ಸುಡುವುದಿಲ್ಲ. ನಾಳೆ ಅದೇ ಗೌಡರ ಮನೆಯ ಮುಂದೆ ಡೋಲು ಕಟ್ಟಿಸುತ್ತಾರೆ, ತಗಡು ಬಡಿಸುತ್ತಾರೆ, ಕಸ ಎತ್ತಿಸುತ್ತಾರೆ. ಸುಡಬೇಕಾದದ್ದು ಬಿಟ್ಟಿ ಚಾಕರಿಯನ್ನು. ಅದಕ್ಕೆ ಬೆಂಕಿಕಡ್ಡಿ ನಮ್ಮ ಕೈಯಲ್ಲೇ ಇದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿದೆ. 1989ರ ದೌರ್ಜನ್ಯ ತಡೆ ಕಾಯ್ದೆ ನಮ್ಮವರಿಂದ ಬಿಟ್ಟಿ ಮಾಡಿಸುವುದನ್ನು ಶಿಕ್ಷಾರ್ಹ ಅಪರಾಧ ಎಂದಿದೆ. ಪರೀಕ್ಷೆಗೆಂದು ಈ ವಿಧಿಗಳನ್ನು ಬಾಯಿಪಾಠ ಮಾಡುವ ನಾವು, ರಜೆಗೆ ಊರಿಗೆ ಹೋದಾಗ ಅಪ್ಪನ ಎದುರು ಕೂತು ಓದಿ ಹೇಳಿದ್ದೇವೆಯೆ?

ಅಣ್ಣ ಕೇಳುತ್ತಾನೆ: "ಅಂಬೇಡ್ಕರ್ ಸತ್ತ ದನ ಎಳೆಯೋದು ಬಿಡಿ ಅಂದ್ರು. ಹಲಗೆ ಬಿಡಬಾರದಾ?" ಬಿಡಬೇಕಾದ್ದು ಏನು ಅಂತ ಮಹಾರಾಷ್ಟ್ರದ ನಮ್ಮವರನ್ನೇ ನೋಡಿ ಕಲಿಯೋಣ. ಅವರು ಹೆಣದ ಮಾಂಸ ಬಿಟ್ಟರು, ಬಿಟ್ಟಿ ಬಿಟ್ಟರು, 1956ರಲ್ಲಿ ದೇವರುಗಳನ್ನೂ ಬಿಟ್ಟರು. ಹಾಡು ಬಿಡಲಿಲ್ಲ. ತಮಾಷಾದ ಮಟ್ಟುಗಳನ್ನೇ ತಗೊಂಡು ಅಂಬೇಡ್ಕರಿ ಜಲ್ಸಾ ಕಟ್ಟಿದರು. ಭೀಮರಾವ್ ಕರ್ಡಕ್, ವಾಮನದಾದಾ ಕರ್ಡಕ್ ಊರೂರು ತಿರುಗಿ ಬಾಬಾಸಾಹೇಬರ ಮಾತನ್ನು ಅಕ್ಷರ ಬಾರದವರ ಕಿವಿಗೆ ಮುಟ್ಟಿಸಿದರು. ಮಾಂಗರ ಕೇರಿಯಿಂದ ಬಂದ ಅಣ್ಣಾಭಾವೂ ಸಾಠೆ ಮುಂಬಯಿಯ ಗಿರಣಿ ಕಾರ್ಮಿಕರ ನಡುವೆ ನಿಂತು ಹಾಡಿದರು. ಅವರ ಮೇಳಗಳಲ್ಲಿ ನುಡಿಯುತ್ತಿದ್ದ ತುಂತುಣಿ ನಮ್ಮ ಚೌಡಿಕೆಯ ಒಡಹುಟ್ಟು. ದೇವರನ್ನು ಹೊಗಳುತ್ತಿದ್ದ ತಂತಿ ದಣಿಯನ್ನು ಪ್ರಶ್ನೆ ಕೇಳಿತು.

ಇಲ್ಲೂ ಹಾಗೇ ಆಯಿತು. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ನಾಡೆಲ್ಲ ಉರಿಯಿತು. ಹಾಸ್ಟೆಲಿನ ಹುಡುಗರು ಏಟು ತಿಂದರು. ಆ ಏಟಿನಿಂದ ಎದ್ದು ಬಂದ ಚಳವಳಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದು ಇದೇ ಹರಿಹರದಲ್ಲಿ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಆ ಹಾಡುಗಳು ಗ್ರಂಥಾಲಯದಲ್ಲಿ ಕೂರಲಿಲ್ಲ, ತಮಟೆಯ ಮೇಲೆ ಕೂತು ಬೀದಿಗೆ ಬಂದವು. ದಣಿಯ ಹೆಣದ ಮುಂದೆ ಸದ್ದು ಮಾಡುತ್ತಿದ್ದ ಚರ್ಮ ತಹಸೀಲ್ದಾರರ ಕಚೇರಿ ಮುಂದೆ ಸದ್ದು ಮಾಡಿತು. ಅಂದು ಆ ಹಲಗೆಗಳನ್ನು ಸುಟ್ಟಿದ್ದರೆ ಮೆರವಣಿಗೆ ಮೂಕ ಆಗುತ್ತಿರಲಿಲ್ಲವೆ ಅಣ್ಣಾ?

ಇಂಥದ್ದೇ ಜಗಳ ಕಪ್ಪು ಜನರ ನಡುವೆಯೂ ನಡೆದಿದೆ. ಬ್ಲೂಸ್ ಸೈತಾನನ ಹಾಡು ಅಂದರು ಚರ್ಚಿನವರು. ಓದಿ ನೌಕರಿ ಹಿಡಿದವರಿಗೆ ಅದನ್ನು ಕೇಳಲು ನಾಚಿಕೆ. ಬಿಳಿಯರ ಹಾಗೆ ಬರೆಯಬೇಕು, ಬಿಳಿಯರ ಹಾಗೆ ಹಾಡಬೇಕು ಅನ್ನುವ ಈ ನಾಚಿಕೆಯನ್ನೇ ಎದುರು ಹಾಕಿಕೊಂಡು ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಕವಿ 1926ರಲ್ಲಿ ಲೇಖನ ಬರೆದ. ಅದೇ ವರ್ಷ ತನ್ನ ಮೊದಲ ಕವನ ಸಂಕಲನಕ್ಕೆ ಬ್ಲೂಸ್ ಹೆಸರನ್ನೇ ಇಟ್ಟ. ಆಗ ಅವನಿಗೆ ಇಪ್ಪತ್ತರ ಹರೆಯ, ನಮ್ಮ ವಯಸ್ಸು. ಜೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. 1946ರಲ್ಲಿ ಬಾಬಾಸಾಹೇಬರು ಕಪ್ಪು ಜನರ ನಾಯಕ ಡುಬೋಯಿಸ್ ಅವರಿಗೆ ಕಾಗದ ಬರೆದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಅವರಿಂದ ಪಡೆದರು. ಹಾಗಿರುವಾಗ ಗುತ್ತೂರಿನ ಹುಡುಗ ಬ್ಲೂಸ್ ನುಡಿಸಿದರೆ ಅದು ಪರದೇಶದ ಶೋಕಿ ಹೇಗಾದೀತು? ನೆಂಟರ ಮನೆಯ ಹಾಡು ಅದು.

ಚೌಡಿಕೆಯ ಮಾತು

ಕೆಲವು ಅಕ್ಕಂದಿರು ಇನ್ನೂ ಕಷ್ಟದ ಪ್ರಶ್ನೆ ಕೇಳುತ್ತಾರೆ. "ಹಲಗೆ ಆಯ್ತು. ಚೌಡಿಕೆ? ಅದು ಮುತ್ತು ಕಟ್ಟಿಸಿಕೊಂಡವರ ಕೈಯಲ್ಲಿರೋದು. ಅದನ್ನ ಮೆರೆಸಿದರೆ ದೇವದಾಸಿ ಬಿಡೋ ಪದ್ಧತೀನ ಮೆರೆಸಿದ ಹಾಗಲ್ವಾ?" ಈ ಪ್ರಶ್ನೆಯನ್ನು ಹಗುರ ಮಾಡಲು ನಮಗೆ ಹಕ್ಕಿಲ್ಲ. ದಾವಣಗೆರೆಯಿಂದ ಉಚ್ಚಂಗಿದುರ್ಗ ಎಷ್ಟು ದೂರ? ಭರತ ಹುಣ್ಣಿಮೆಗೆ ಆ ಗುಡ್ಡ ಹತ್ತಿದವರಿಗೆ ಯಾರ ಮನೆಯ ಹೆಣ್ಣುಮಕ್ಕಳ ಕೊರಳು ಬಲಿಯಾಗಿದೆ ಅನ್ನುವುದು ಗೊತ್ತು. ಯಾವ ದೊಡ್ಡ ಜಾತಿಯ ಮನೆಯ ಮಗಳಿಗೂ ದೇವಿ ಮೈಮೇಲೆ ಬಂದು ಮುತ್ತು ಕೇಳಲಿಲ್ಲ! 1982ರಲ್ಲಿ ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಆಯಿತು. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಚಳವಳಿಯ ಕಾರ್ಯಕರ್ತರು ಏಟು ತಿಂದರು. ಆ ಏಟಿನ ಮೇಲೆ ಆಣೆ ಇಟ್ಟು ಹೇಳುತ್ತೇವೆ: ಮುತ್ತು ಕಟ್ಟುವ ಕೈ ಯಾರದ್ದಾದರೂ ಅದರ ಎದುರು ನಿಲ್ಲುತ್ತೇವೆ.

ಆದರೆ ಮುತ್ತು ಬೇರೆ, ಹಾಡು ಬೇರೆ. ಆ ಹಾಡನ್ನು ಕಟ್ಟಿದವಳು ದೇವಿಯಲ್ಲ, ಪೂಜಾರಿಯೂ ಅಲ್ಲ. ಊರು ಉಗಿದ ಹೆಂಗಸು ತನ್ನ ಹೊಟ್ಟೆಗಾಗಿ, ತನ್ನ ದುಃಖಕ್ಕಾಗಿ ಕಟ್ಟಿದ ಹಾಡು ಅದು. ಬ್ಲೂಸ್ ಹಾಡಿಗೆ ಮೊದಲು ಹೆಸರು ತಂದವರೂ ಹೆಂಗಸರೇ. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ತಟ್ಟೆ ರಾಶಿ ರಾಶಿ ಮಾರಾಟವಾದ ಮೇಲೆ ತಾನೆ ಕಂಪನಿಗಳು ಕಪ್ಪು ಹಾಡುಗಾರರನ್ನು ಹುಡುಕಿಕೊಂಡು ಹೊರಟದ್ದು! ಮಾ ರೈನಿ, ಬೆಸ್ಸಿ ಸ್ಮಿತ್ ಗಂಡಸರ ಏಟನ್ನು, ಕುಡಿತವನ್ನು, ತಮ್ಮ ಆಸೆಯನ್ನು ಮುಚ್ಚುಮರೆ ಇಲ್ಲದೆ ಹಾಡಿದರು. ಮರ್ಯಾದಸ್ಥರು ಕಿವಿ ಮುಚ್ಚಿಕೊಂಡರು. ಏಂಜೆಲಾ ಡೇವಿಸ್ 1998ರಲ್ಲಿ ಇವರ ಬಗ್ಗೆಯೇ ಇಡೀ ಪುಸ್ತಕ ಬರೆದು, ಕಪ್ಪು ಹೆಂಗಸರ ಸ್ವಾತಂತ್ರ್ಯದ ಮಾತು ಮೊದಲು ಈ ಹಾಡುಗಳಲ್ಲಿ ಕೇಳಿಸಿತು ಎಂದು ತೋರಿಸಿದರು.

ನಮ್ಮಲ್ಲಿ ಮಂಜಮ್ಮ ಜೋಗತಿಯವರಿದ್ದಾರೆ. ಮನೆಯಿಂದ ಹೊರಬಿದ್ದು ಭಿಕ್ಷೆ ಬೇಡಿದವರು. ದಾವಣಗೆರೆಯ ಬಸ್ ನಿಲ್ದಾಣದ ಹತ್ತಿರ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ಕಂಡು ಅವರಿಗೆ ಜೋಗತಿ ಕುಣಿತ ಕಲಿಯುವ ಆಸೆ ಹುಟ್ಟಿತು. ಕಾಳವ್ವ ಜೋಗತಿಯವರ ಹತ್ತಿರ ಕಲಿತರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದೇ ಬಸ್ ನಿಲ್ದಾಣದಲ್ಲಿ ನಾವು ದಿನಾ ಇಳಿಯುತ್ತೇವೆ. ಅಲ್ಲಿ ಹಾಡುವವರನ್ನು ನಿಂತು ಕೇಳುತ್ತೇವೆಯೆ, ಇಲ್ಲಾ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ಹಾದುಹೋಗುತ್ತೇವೆಯೆ?

'ಜನಪದ' ಅನ್ನುವ ಗೋಣಿಚೀಲ

ಇನ್ನು ಕಳ್ಳರ ವಿಷಯ. ಕ್ಯಾಸೆಟ್ಟಿನ ಕಾಲದಿಂದ ನೋಡುತ್ತಿದ್ದೇವೆ. ಸಂಗೀತ: ಇಂಥವರು. ಗಾಯನ: ಇಂಥವರು. ಸಾಹಿತ್ಯ: ಜನಪದ. ಈ ಜನಪದ ಅನ್ನುವವನು ಯಾರು? ಯಾವ ಊರಿನವನು? ಅವನ ಹೆಂಡತಿ ಮಕ್ಕಳು ಏನು ತಿಂದರು? ನಮ್ಮವರ ಬಾಯಿಂದ ಬಂದ ಹಾಡುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಮೇಲೆ "ಜನಪದ" ಅಂತ ಬರೆದುಬಿಟ್ಟರು. ಹೆಸರಿಲ್ಲದವನಿಗೆ ಹಣ ಕೊಡುವ ಗೊಡವೆ ಇಲ್ಲವಲ್ಲ!

ಬ್ಲೂಸ್ ಹಾಡುಗಾರರಿಗೂ ಇದೇ ಆಯಿತು. ಕಂಪನಿಗಳು ಕಪ್ಪು ಜನರ ತಟ್ಟೆಗಳಿಗೆ "ಜನಾಂಗದ ತಟ್ಟೆ" ಅಂತ ಬೇರೆ ಹೆಸರು ಕೊಟ್ಟು ಬೇರೆ ಪಟ್ಟಿ ಮಾಡಿ ಮಾರಿದವು. ಬಾವಿ ಬೇರೆ, ಲೋಟ ಬೇರೆ ಇದ್ದ ಹಾಗೆ. ಹಾಡುಗಾರನ ಕೈಗೆ ಪುಡಿಗಾಸು. ಆದರೆ ಅವರಲ್ಲಿ ಕೆಲವರು ತಿರುಗಿ ಬಿದ್ದರು. ಬ್ರಿಟನ್ನಿನ ಲೆಡ್ ಜೆಪ್ಪೆಲಿನ್ ಎಂಬ ದೊಡ್ಡ ತಂಡ ತನ್ನ ಸಾಲು ಎತ್ತಿಕೊಂಡಿದೆ ಎಂದು ವಿಲ್ಲಿ ಡಿಕ್ಸನ್ 1985ರಲ್ಲಿ ಮೊಕದ್ದಮೆ ಹೂಡಿದ. 1987ರಲ್ಲಿ ಆ ತಂಡ ರಾಜಿಗೆ ಬಂತು. ನಮ್ಮವರು ಯಾವ ಕೋರ್ಟಿಗೆ ಹೋಗಬೇಕು? ಹಾಡು ಕಟ್ಟಿದ ಅಜ್ಜಿಯ ಹೆಸರನ್ನು ನಾವೇ ಬರೆದಿಡದಿದ್ದರೆ ಸಾಕ್ಷಿ ಹೇಳುವವರು ಯಾರು?

ಅದಕ್ಕೇ ನಾವು ಒಂದು ನೇಮ ಮಾಡಿಕೊಂಡಿದ್ದೇವೆ. ಬ್ಲೂಸ್ ನುಡಿಸುವ ಮೊದಲು ಹಾಡಿದವನ ಹೆಸರು, ಊರು, ವರ್ಷ ಗಟ್ಟಿಯಾಗಿ ಹೇಳುತ್ತೇವೆ. ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕುರುಡ 1927ರಲ್ಲಿ ಟೆಕ್ಸಾಸಿನ ಡಲ್ಲಾಸ್ ಊರಿನಲ್ಲಿ ಮುದ್ರಿಸಿದ ಒಂದು ಹಾಡಿದೆ. ಅದರಲ್ಲಿ ಮಾತೇ ಇಲ್ಲ. ಜಾರುವ ತಂತಿ, ಅದರ ಜೊತೆ ನರಳುವ ಕೊರಳು, ಅಷ್ಟೆ. ಅವನು 1945ರಲ್ಲಿ ಬಡತನದಲ್ಲೇ ಸತ್ತ. 1977ರಲ್ಲಿ ವಾಯೇಜರ್ ನೌಕೆಯ ಚಿನ್ನದ ತಟ್ಟೆಯಲ್ಲಿ ಆ ನರಳಾಟವನ್ನು ಭೂಮಿಯ ಗುರುತಾಗಿ ಆಕಾಶಕ್ಕೆ ಕಳಿಸಿದರು. ನಮ್ಮ ಡಬ್ಬಿ ತಂತಿಯಲ್ಲಿ ನಾವು ಮೊದಲು ಕಲಿತದ್ದು ಇದನ್ನೇ. ಕೇಳಿದ ನಮ್ಮ ಕೇರಿಯ ಅಜ್ಜಿಯೊಬ್ಬರು ಅಂದರು: "ಇದು ಸತ್ತಾರ ಮನಿ ಮುಂದೆ ಹಾಡ್ಯಾಡ್ಕೆಂಡು ಅಳೋದು ಐತಲ್ಲೋ ಯಪ್ಪಾ." ಯಾವ ಸಂಗೀತ ವಿಮರ್ಶಕನೂ ಇದಕ್ಕಿಂತ ಸರಿಯಾಗಿ ಹೇಳಲಾರ. ಬ್ಲೂಸ್ ಕಲಿತದ್ದರ ದೊಡ್ಡ ಲಾಭ ನಮಗೆ ಅದೇ. ಅಜ್ಜಿಯ ಹತ್ತಿರ ಕೂತು, "ಆ ಹಾಡು ಹೇಳವ್ವ, ಬರ್ಕೋತೀವಿ" ಅಂತ ಕೇಳುವ ಬುದ್ಧಿ ಬಂತು.

ಜಯಂತಿಯ ಡಿಜೆ

ಕೊನೆಗೆ ನಮ್ಮೊಳಗಿನ ಮಾತು. ಏಪ್ರಿಲ್ 14 ಬಂತೆಂದರೆ ಕೆಲವು ಜಯಂತಿ ಕಮಿಟಿಗಳು ಮೊದಲು ಓಡುವುದು ಡಿಜೆ ಬಾಡಿಗೆ ಮಾತಾಡಲು. ಲಾರಿ ತುಂಬ ಸೌಂಡ್ ಬಾಕ್ಸು, ಎದೆ ಒಡೆಯುವ ಸದ್ದು, ಸಿನಿಮಾ ಹಾಡು. ಬಾಬಾಸಾಹೇಬರ ಚಿತ್ರದ ಮುಂದೆ ಯಾವ ಹಾಡು ಓಡುತ್ತಿದೆ ಅನ್ನುವುದೂ ಕೇಳಿಸುವುದಿಲ್ಲ. ಡಿಜೆಯವನಿಗೆ ಮುಂಗಡ ಹಣ. ಹಲಗೆಯವರಿಗೆ? "ನಮ್ಮೋರೇ ಅಲ್ವಾ, ಊಟ ಹಾಕಿ ಕಳ್ಸಣ." ಊಟಕ್ಕೆ ಬಾರಿಸುವುದಕ್ಕೆ ಏನಂತ ಹೆಸರು ಗೆಳೆಯರೆ? ಬಿಟ್ಟಿ! ಗೌಡ ಮಾಡಿಸಿದರೆ ದೌರ್ಜನ್ಯ, ಕಮಿಟಿ ಮಾಡಿಸಿದರೆ ಅಭಿಮಾನವೋ?

ಸರ್ಕಾರದವರು ಇನ್ನೂ ಜಾಣರು. 2023ರಲ್ಲಿ ತಮಟೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಕೊಟ್ಟರು. ಸಂತೋಷ. ಆ ಹಿರಿಯರಿಗೆ ನಮ್ಮ ಶರಣು. ಒಬ್ಬರಿಗೆ ದಿಲ್ಲಿಯಲ್ಲಿ ಪದಕ, ಮಿಕ್ಕವರಿಗೆ ಮಂತ್ರಿ ಬರುವ ದಾರಿಯಲ್ಲಿ ಬಿಸಿಲು. ಮಂತ್ರಿ ಕಾರಿಂದ ಇಳಿದು ಒಂದು ಕ್ಷಣ ಹಲಗೆ ಮುಟ್ಟಿ ಫೋಟೋ ಹೊಡೆಸಿಕೊಳ್ಳುತ್ತಾರೆ. ಆ ಫೋಟೋದಲ್ಲಿ ಹಲಗೆ ಕೊಟ್ಟವನ ಮುಖ ಅರ್ಧ ಕತ್ತರಿಸಿರುತ್ತದೆ.

ಇಷ್ಟು ಹೇಳಿ ಸುಮ್ಮನಾದರೆ ಇದು ಬರೀ ಭಾಷಣ ಆದೀತು. ನಾವು ತಾಲ್ಲೂಕು ಸಭೆಯ ಮುಂದೆ ಇಡುವುದು ಇವು:

1. ಸತ್ತವರ ಮನೆ, ಜಾತ್ರೆ, ಡಂಗುರ ಎಲ್ಲೇ ಆಗಲಿ, ಒತ್ತಾಯಕ್ಕೆ ಹಲಗೆ ಬಾರಿಸುವುದಿಲ್ಲ. ಒಲ್ಲೆ ಅಂದ ಮನೆಗೆ ಬಹಿಷ್ಕಾರ ಬಿದ್ದರೆ ಹಾಸ್ಟೆಲಿನ ಹುಡುಗರು ಆ ಊರಿಗೆ ಹೋಗುತ್ತೇವೆ, ದೂರು ನಾವೇ ಬರೆದುಕೊಡುತ್ತೇವೆ.

2. ಜಯಂತಿಗೆ ಡಿಜೆ ಬೇಡ. ಆ ಹಣ ಹಲಗೆಯವರಿಗೆ, ಚೌಡಿಕೆಯವರಿಗೆ ಕೂಲಿಯಾಗಿ, ಮೊದಲೇ ಮಾತಾಡಿ, ಎಲ್ಲರೆದುರು ಕೈಗೆ ಕೊಡಬೇಕು. ಅವರು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಬೇಕು.

3. ಹಾಸ್ಟೆಲಿನಲ್ಲಿ ಭಾನುವಾರ ಎರಡು ತಾಸು ವಾದ್ಯ ಮಾಡುವ, ನುಡಿಸುವ ಪಾಠ. ಹುಡುಗಿಯರ ಹಾಸ್ಟೆಲಿನಲ್ಲೂ. ಹಲಗೆ ಗಂಡಸರ ಸೊತ್ತೆಂದು ಯಾವ ಸಂವಿಧಾನದಲ್ಲೂ ಬರೆದಿಲ್ಲ. ಡಬ್ಬಿ, ಪಟ್ಟಿ, ಎರಡು ಮೊಳೆ, ಒಂದು ತಂತಿ, ಒಂದು ಬಾಟಲಿ ಸಾಕು. ತಂತಿ ಬಿಗಿಯುವಾಗ ಮುಖ ದೂರ ಇಡಿ, ಹರಿದರೆ ಕಣ್ಣಿಗೆ ಹೊಡೆಯುತ್ತದೆ.

4. ಪ್ರತಿಯೊಬ್ಬರೂ ರಜೆಗೆ ಹೋದಾಗ ಒಂದು ಹಾಡು ಬರೆದುಕೊಂಡು ಬರಬೇಕು. ಹಾಡಿದವರ ಹೆಸರು, ಕೇರಿ, ದಿನಾಂಕ ಸಮೇತ. 'ಜನಪದ' ಅಂತ ಬರೆದ ಹಾಳೆಯನ್ನು ತಗೊಳ್ಳುವುದಿಲ್ಲ.

5. ಯುವಜನೋತ್ಸವ ನಡೆಸುವವರಿಗೆ ಬೇಡಿಕೆ: ಕೈಯಿಂದ ಮಾಡಿದ ವಾದ್ಯಕ್ಕೆ ಪಟ್ಟಿಯಲ್ಲಿ ಜಾಗ ಕೊಡಿ. ಕೊಡುವವರೆಗೆ ನಮ್ಮ ಯಾವ ಹಲಗೆಯೂ ನಿಮ್ಮ ಗೇಟಿನಲ್ಲಿ ಸದ್ದು ಮಾಡುವುದಿಲ್ಲ. ನಿಮ್ಮ ಅತಿಥಿಗಳು ಸದ್ದಿಲ್ಲದೆ ಒಳಗೆ ಬರಲಿ.

ಅಣ್ಣಂದಿರೆ, ಇಷ್ಟಾದ ಮೇಲೂ "ಸುಡಬೇಕು" ಅನ್ನಿಸಿದರೆ ಸಭೆಗೆ ಬಂದು ಹೇಳಿ. ನಾವೂ ಹಲಗೆ ತರುತ್ತೇವೆ. ಅದನ್ನು ಬೆಂಕಿಯ ಹತ್ತಿರ ಹೇಗೂ ಹಿಡಿಯಲೇಬೇಕು, ಕಾಯಿಸಲು. ಕಾದ ಮೇಲೆ ನೀವೇ ಒಂದು ಏಟು ಹೊಡೆದು ಕೇಳಿ. ಆಮೇಲೆ ಚರ್ಚೆ ಮಾಡೋಣ.

ಬಿಟ್ಟಿ ಚಾಕರಿಗೆ ಧಿಕ್ಕಾರ!
ಹಾಡಿದವರ ಹೆಸರು ಉಳಿಯಲಿ!
ಜೈಭೀಮ್!

— ಗುತ್ತೂರಿನ ಗೆಳೆಯರು